ಹವ್ಯಾಸಕ್ಕೆ ಬೆಲೆಚೀಟಿ ಅಂಟಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕೈಬಿಟ್ಟ ಹವ್ಯಾಸಕ್ಕೆ ಮರಳುವುದು ಹೇಗೆ ಎಂದು ಹೋದ ಭಾನುವಾರದ ಪುರವಣಿಯಲ್ಲಿ ಒಂದಿಡೀ ಪುಟ ಕೊಟ್ಟಿದ್ದೀರಿ. ನಮ್ಮ ಮನೆಯಲ್ಲಿ ಭಾನುವಾರದ ಪುರವಣಿ ಸೋಮವಾರವೇ ಅಡುಗೆಮನೆಯ ಕಪಾಟಿಗೆ ಹಾಸಲು ಹೋಗುತ್ತದೆ. ಈ ಪುಟ ಮಾತ್ರ ಇನ್ನೂ ಊಟದ ಮೇಜಿನ ಮೇಲಿದೆ. ಅದನ್ನು ಮುಂದಿಟ್ಟುಕೊಂಡು ನಾನೂ ನಮ್ಮತ್ತೆಯೂ ವಾರವೆಲ್ಲ ವಾದ ಮಾಡಿದ್ದೇವೆ. ಲೇಖನದಲ್ಲಿ ಮುಖ್ಯವಾಗಿ ಮೂರು ಸಲಹೆಗಳಿವೆ: ಕಳೆದುಹೋದ ಸ್ಫೂರ್ತಿಯನ್ನು ಮೊದಲು ಹುಡುಕಿಕೊಳ್ಳಿ, 21 ದಿನ ಬಿಡದೆ ಮಾಡಿ, ಹವ್ಯಾಸವನ್ನು ಆದಾಯವಾಗಿಸಿ. ಮೊದಲೆರಡರ ಬಗ್ಗೆ ನನ್ನದು ಸಣ್ಣ ತಕರಾರು. ಈ ಕಾಗದ ಬರೆಯಲು ಕೂತದ್ದು ಮೂರನೆಯದಕ್ಕಾಗಿ.

ಸಣ್ಣದನ್ನು ಮೊದಲು ಮುಗಿಸಿಬಿಡುತ್ತೇನೆ. ಸ್ಫೂರ್ತಿ ಬೇಕಾದರೆ ಬೆಟ್ಟ ಹತ್ತಿ, ಸೂರ್ಯೋದಯ ನೋಡಿ ಅಂತ ಬರೆದಿದ್ದಾರೆ. ನಾನು ಮೈಸೂರಿನವಳು. ಚಾಮುಂಡಿ ಬೆಟ್ಟ ನಮ್ಮ ತಾರಸಿಯಿಂದಲೇ ಕಾಣುತ್ತದೆ. ಸಾವಿರ ಮೆಟ್ಟಿಲು ಹತ್ತಿಯೂ ನೋಡಿದ್ದೇನೆ. ಸೂರ್ಯೋದಯ ಚೆನ್ನಾಗಿತ್ತು, ನಂದಿಯ ಹತ್ತಿರ ಕಾಫಿಯೂ ಚೆನ್ನಾಗಿತ್ತು. ಮನೆಗೆ ಬಂದ ಮೇಲೆ ಕುಂಚ ಹಿಡಿಯುವ ಬದಲು ಮಂಡಿಗೆ ಮುಲಾಮು ಹಚ್ಚಿಕೊಂಡು ಮಲಗಿದೆ. ಇನ್ನು 21 ದಿನದ ಲೆಕ್ಕ. ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ, ಶಸ್ತ್ರಚಿಕಿತ್ಸೆಯಾದವರಿಗೆ ಕನ್ನಡಿಯಲ್ಲಿ ಹೊಸ ಮುಖ ಒಗ್ಗಲು ಕಡಿಮೆಯೆಂದರೂ 21 ದಿನ ಬೇಕು ಎಂದು ಬರೆದರಂತೆ. ಆ ಮಾತು ಬಾಯಿಂದ ಬಾಯಿಗೆ ಹರಿದು ನಮ್ಮ ಪುರವಣಿಗೆ ಬರುವಷ್ಟರಲ್ಲಿ 'ಕಡಿಮೆಯೆಂದರೂ' ಎಂಬುದು ಉದುರಿಹೋಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನವೂ ಬೇಕಾದೀತು ಎಂಬ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಏನೂ ಮುಳುಗಿಹೋಗುವುದಿಲ್ಲ ಎಂದೂ ಅವರೇ ಹೇಳಿದ್ದಾರೆ. ಇಪ್ಪತ್ತೆರಡನೆಯ ದಿನವೂ ಬೇಜಾರಾಗಿಯೇ ಎದ್ದ ಓದುಗರು ತಮ್ಮಲ್ಲೇ ಏನೋ ಐಬಿದೆ ಅಂದುಕೊಳ್ಳದಿರಲಿ ಎಂದು ಇಷ್ಟು ಬರೆದೆ.

ಈಗ ಮೂರನೆಯದು.

ನಾನೊಂದು ಸಹಕಾರ ಸಂಘದ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ, ನಿವೃತ್ತಿ ಹತ್ತಿರವಿದೆ. ಮದುವೆಯಾಗಿ ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮೈಸೂರು ಸಾಂಪ್ರದಾಯಿಕ ಚಿತ್ರಕಲೆ ಕಲಿತೆ. ಕೃಷ್ಣಮೂರ್ತಿಪುರಂನ ಹಳೇ ಮನೆಯೊಂದರ ಪಡಸಾಲೆಯಲ್ಲಿ ಭಾನುವಾರ ಬೆಳಿಗ್ಗೆ ಪಾಠ. ಮೇಷ್ಟ್ರು ಮಾತು ಕಮ್ಮಿ, ಒಂದು ಗೆರೆ ಅಳಿಸಿದರೆ ಮುಖ ನೋಡುತ್ತಿದ್ದರು, ಅಷ್ಟೇ. ಮೊದಲ ವರ್ಷವೆಲ್ಲ ಬಣ್ಣ ಮುಟ್ಟಿಸಲೇ ಇಲ್ಲ. ಬರೀ ಗೆರೆ. ಬಳ್ಳಿಯ ಸುರುಳಿ, ಕಮಲದ ದಳ, ಅಭಯಹಸ್ತ, ವರದಹಸ್ತ, ಪಾದ, ಮತ್ತೆ ಬಳ್ಳಿಯ ಸುರುಳಿ. ಜೊತೆಗೆ ಸೇರಿದ್ದ ಅರ್ಧ ಜನ ಆ ವರ್ಷವೇ ಬಿಟ್ಟುಹೋದರು. ನನಗೆ ಅದೇ ಹಿಡಿಸಿತ್ತು. ಆಫೀಸಿನಲ್ಲಿ ಅಂಕಿ ತಾಳೆಯಾಗದಿದ್ದರೆ ಸಂಜೆ ಮನೆಗೆ ಬಂದು ಒಂದು ಹಾಳೆ ತುಂಬ ಸುರುಳಿ ಬರೆಯುತ್ತಿದ್ದೆ. ತಲೆ ತಿಳಿಯಾಗುತ್ತಿತ್ತು.

ಈ ಕಲೆಯ ಬಗ್ಗೆ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಹಲಗೆಗೆ ಅಂಟಿಸಿದ ಕಾಗದದ ಮೇಲೆ ಮೊದಲು ರೇಖಾಚಿತ್ರ. ಆಮೇಲೆ ಆಕಾಶ, ಬೆಟ್ಟ, ಹೊಳೆ ಹೀಗೆ ದೂರದ್ದಕ್ಕೆ ಬಣ್ಣ, ನಂತರ ಹತ್ತಿರದ್ದಕ್ಕೆ. ಒಡವೆ, ಸೀರೆಯ ಅಂಚು, ಸಿಂಹಾಸನ, ಮಂಟಪದ ಕಮಾನು ಇವಕ್ಕೆ ಗೆಸ್ಸೊ, ಅಂದರೆ ಉಬ್ಬು ಲೇಪದ ಕೆಲಸ. ಬಿಳಿ ಸಫೇದ ಪುಡಿ, ಗ್ರಂಥಿಗೆ ಅಂಗಡಿಯಲ್ಲಿ ರೇವಲ್‌ಚಿನ್ನಿ ಹಾಲು ಎಂದು ಕೇಳಿ ತರುವ ಹಳದಿ ಮಕ್ಕಿ ಎಂಬ ಮರದಂಟು, ಗೋಂದು, ಈ ಮೂರನ್ನೂ ನುಣ್ಣಗೆ ಅರೆಯಬೇಕು. ಹಿಂದೆ ಸಫೇದ ಎಂದರೆ ಸೀಸದ ಬಿಳಿ, ವಿಷ. ಈಗ ನಾವು ಬಳಸುವುದು ಜಿಂಕ್. ಅರೆದದ್ದು ಕುಂಚದ ತುದಿಯಿಂದ ಒಂದೆಳೆ ಪಾಕದ ಹಾಗೆ ಇಳಿಯಬೇಕು. ಗಟ್ಟಿಯಾದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ, ತೆಳುವಾದರೆ ಗೆರೆ ದಾಟಿ ಹರಿಯುತ್ತದೆ. ತಂಜಾವೂರಿನವರ ಹಾಗೆ ದಪ್ಪಗೆ ಎಬ್ಬಿಸುವಂತಿಲ್ಲ, ಕಲ್ಲು ಮಣಿ ಕೂರಿಸುವಂತಿಲ್ಲ. ಬೆರಳಾಡಿಸಿದರೆ ಉಬ್ಬು ಗೊತ್ತಾಗಬೇಕು, ದೂರದಿಂದ ಗೊತ್ತಾಗಬಾರದು. ಒಣಗಿದ ಉಬ್ಬಿನ ಮೇಲೆ ತೆಳುವಾಗಿ ಗೋಂದು ತಾಗಿಸಿ ಚಿನ್ನದ ರೇಕು ಕೂರಿಸುವುದು. ರೇಕು ತೆಗೆಯುವಾಗ ಫ್ಯಾನ್ ಹಾಕುವಂತಿಲ್ಲ, ಜೋರಾಗಿ ಉಸಿರು ಬಿಡುವಂತಿಲ್ಲ. ಏಪ್ರಿಲ್ ಮಧ್ಯಾಹ್ನ ಕಿಟಕಿ ಮುಚ್ಚಿಕೊಂಡು ಈ ಕೆಲಸ ಮಾಡಿ ನೋಡಿ. ಜೂನ್ ಜುಲೈನಲ್ಲಿ ಇನ್ನೊಂದು ಕಷ್ಟ, ಗೆಸ್ಸೊ ಒಣಗುವುದೇ ಇಲ್ಲ. ಕೊನೆಗೆ ಮೇಲೊಂದು ತೆಳು ಕಾಗದ ಹಾಸಿ ನುಣುಪು ಕಲ್ಲಿನಿಂದ ಮೆರುಗು ಕೊಟ್ಟರೆ ಚಿನ್ನ ಕೂತುಕೊಳ್ಳುತ್ತದೆ. ಕಣ್ಣು ಬರೆಯುವುದನ್ನು ನಮ್ಮ ಮೇಷ್ಟ್ರು ಎಲ್ಲಕ್ಕಿಂತ ಕಡೆಗೆ ಇಡಿಸುತ್ತಿದ್ದರು.

ಇಂಥ ಕೆಲಸಕ್ಕೆ 'ದಿನಕ್ಕೆ ಹದಿನೈದು ನಿಮಿಷ' ಎಂಬ ನಿಮ್ಮ ಲೇಖನದ ಪೆಟ್ಟಿಗೆ ಸಲಹೆ ಹೊಂದುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹದಿನೈದು ನಿಮಿಷದಲ್ಲಿ ಸಫೇದ ಅರೆದು ಮುಗಿಯುವುದಿಲ್ಲ.

ಕಲಿತ ಕೆಲವು ವರ್ಷಕ್ಕೆ ಒಂದು ಸರಸ್ವತಿ, ಒಂದು ಗಜಲಕ್ಷ್ಮಿ, ಒಂದು ರಾಮಪಟ್ಟಾಭಿಷೇಕ ಮುಗಿಸಿ ಗೋಡೆಗೆ ಹಾಕಿದೆ. ಮನೆಗೆ ಬಂದವರು ನೋಡಿದರು. ನಾದಿನಿಯ ಗೃಹಪ್ರವೇಶಕ್ಕೆ ಒಂದು ಬರೆದುಕೊಟ್ಟೆ. ಅಲ್ಲಿ ನೋಡಿದವರು ಕೇಳಿದರು. ಭೌಗೋಳಿಕ ಸೂಚಕದ ಮಾನ್ಯತೆ ಇರುವ ಕಲೆ, ಮೇಲೆ ಚಿನ್ನ ಬೇರೆ, ಉಡುಗೊರೆಗೆ ಇದಕ್ಕಿಂತ ಇನ್ನೇನು ಬೇಕು? ಆರ್ಡರ್ ಬರತೊಡಗಿತು. ಮೊದಮೊದಲು ಹೆಮ್ಮೆಯೇ ಆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮನೆ ಕಟ್ಟಿಸಿ ಮಾರುವ ಒಬ್ಬರು ಬಂದು, ಫ್ಲ್ಯಾಟ್ ಕೊಂಡವರಿಗೆ ಕೀಲಿಕೈ ಜೊತೆ ಕೊಡಲು ಒಂದೇ ಅಳತೆಯ ಗಜಲಕ್ಷ್ಮಿಗಳನ್ನು ಡಜನ್ ಲೆಕ್ಕದಲ್ಲಿ ಕೇಳಿದರು. 'ಮೇಡಂ, ಚಿನ್ನ ಸ್ವಲ್ಪ ಎದ್ದು ಕಾಣಲಿ, ಆನೆ ಚಿಕ್ಕದಾದರೂ ಪರವಾಗಿಲ್ಲ.' ಆನೆಗಳನ್ನು ಚಿಕ್ಕದು ಮಾಡಿದೆ. ರಾತ್ರಿ ಊಟವಾದ ಮೇಲೆ ಅಡುಗೆಮನೆಯ ದೀಪದಲ್ಲಿ ಟ್ರೇಸ್ ಮಾಡುವುದು, ಬೆಳಿಗ್ಗೆ ಎದ್ದು ಗೆಸ್ಸೊ. ಗೆರೆ ಬರೆಯುವ ಕೆಲಸವೇ ಇಲ್ಲವಾಯಿತು, ಅಚ್ಚಿನಂತೆ ಒಂದೇ ಚಿತ್ರ. ದುಡ್ಡು ಬಂತು. ಮಗಳ ಕಾಲೇಜಿನ ಒಂದು ವರ್ಷದ ಫೀಸು ಅದರಲ್ಲೇ ಕಟ್ಟಿದೆವು. ಆ ಆರ್ಡರ್ ಮುಗಿಸಿ ಹಲಗೆ, ಕುಂಚ, ರೇಕಿನ ಪುಸ್ತಕ ಎಲ್ಲವನ್ನೂ ಅಟ್ಟಕ್ಕೆ ಹಾಕಿದೆ. ಸುಸ್ತಾಗಿದೆ, ಸ್ವಲ್ಪ ದಿನ ಬಿಟ್ಟು ಶುರು ಮಾಡೋಣ ಅಂದುಕೊಂಡೆ. ಸ್ವಲ್ಪ ದಿನ ಅಂದದ್ದು ವರ್ಷಗಟ್ಟಲೆ ಆಯಿತು.

ವಿಚಿತ್ರ ಏನೆಂದರೆ, ಆ ವರ್ಷಗಳಲ್ಲಿ ಯಾರಾದರೂ 'ಈಗ ಚಿತ್ರ ಬರೆಯೋಲ್ವಾ?' ಎಂದು ಕೇಳಿದರೆ ನನ್ನ ಬಾಯಿಂದ ಬರುತ್ತಿದ್ದುದು 'ಟೈಮ್ ಇಲ್ಲ' ಎಂಬ ಮಾತು. ಟೈಮ್ ಇತ್ತು. ಮೂರು ಧಾರಾವಾಹಿ ನೋಡುತ್ತಿದ್ದೆ.

ಪುಣೆಯಲ್ಲಿರುವ ನನ್ನ ಮಗಳು ಮನಶ್ಶಾಸ್ತ್ರ ಓದಿದವಳು. ಅವಳಿಗೆ ಫೋನಿನಲ್ಲಿ ನಿಮ್ಮ ಲೇಖನದ ಮೂರನೆಯ ಸಲಹೆ ಓದಿ ಹೇಳಿದೆ. 'ಅಮ್ಮಾ, ಇದರ ಬಗ್ಗೆ ಎಂದೋ ಪ್ರಯೋಗ ಮಾಡಿ ನೋಡಿದ್ದಾರೆ' ಎಂದಳು. ಅವಳು ಹೇಳಿದ್ದು ಇಷ್ಟು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆದ, 1973ರಲ್ಲಿ ಪ್ರಕಟವಾದ ಅಧ್ಯಯನ. ಯಾರ ಒತ್ತಾಯವೂ ಇಲ್ಲದೆ ಸ್ಕೆಚ್ ಪೆನ್ ಹಿಡಿದು ಚಿತ್ರ ಗೀಚುತ್ತಿದ್ದ ಪುಟ್ಟ ಮಕ್ಕಳನ್ನೇ ಆರಿಸಿಕೊಂಡರು. ಒಂದು ಗುಂಪಿಗೆ, ನೀವು ಚಿತ್ರ ಬರೆದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಆಸೆ ತೋರಿಸಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರ ಬಿಟ್ಟು ತರಗತಿಯಲ್ಲಿ ಮತ್ತೆ ಪೆನ್ನುಗಳನ್ನಿಟ್ಟು ಮರೆಯಿಂದ ನೋಡಿದರು. ಆಸೆ ತೋರಿಸಿದ್ದ ಗುಂಪಿನ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಬಹುಮಾನಕ್ಕೆಂದು ಬರೆದಿದ್ದ ಚಿತ್ರಗಳೂ ಸಪ್ಪೆಯಾಗಿದ್ದವಂತೆ. ಹೇಳದೆ ಕೊಟ್ಟಿದ್ದ ಗುಂಪಿಗೆ ಮಾತ್ರ ಏನೂ ಆಗಿರಲಿಲ್ಲ, ಅವರು ಎಂದಿನಂತೆ ಗೀಚುತ್ತಿದ್ದರು.

ಚಿನ್ನದ ಮುದ್ರೆ ಎಂದು ಅವಳು ಹೇಳಿದಾಗ ನನಗೆ ಆ ಚಿಕ್ಕ ಆನೆಗಳೇ ಕಣ್ಣಿಗೆ ಕಟ್ಟಿದವು.

ನಮ್ಮತ್ತೆಗೆ ಈ ಪ್ರಯೋಗದ ಕಥೆ ರುಚಿಸಲಿಲ್ಲ. ಎಂಬತ್ತು ದಾಟಿದವರು, ಪೇಪರಿನ ಶ್ರದ್ಧಾಂಜಲಿಯಿಂದ ಹಿಡಿದು ಟೆಂಡರ್ ನೋಟಿಸಿನ ತನಕ ಓದುವವರು. 'ದುಡ್ಡು ಬೇಡ ಅನ್ನೋದು ಸಂಬಳ ಬರೋರ ಮಾತು ಕಣೇ. ಮಹಾರಾಜರ ಕಾಲದ ಚಿತ್ರಗಾರರು ಯಾರು ಪುಕ್ಕಟೆ ಬರೆದರು? ಎಲ್ಲಾ ಆರ್ಡರೇ ಅಲ್ವಾ?' ಎಂದರು. ಈ ಮಾತಿಗೆ ಉತ್ತರ ಕೊಡಲು ನನಗೆ ಎರಡು ದಿನ ಬೇಕಾಯಿತು.

ಅವರು ಹೇಳಿದ್ದು ನಿಜ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಆಶ್ರಯ ಹುಡುಕಿಕೊಂಡು ಶ್ರೀರಂಗಪಟ್ಟಣದ ಕಡೆ ಬಂದ ಚಿತ್ರಗಾರರ ಮನೆತನಗಳಿಂದಲೇ ಈ ಕಲೆ ಬೆಳೆದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇದಕ್ಕೆ ಸಿಕ್ಕ ಪೋಷಣೆ ದೊಡ್ಡದು. ಯಾವ ದೇವತೆಗೆ ಎಷ್ಟು ಕೈ, ಯಾವ ಬಣ್ಣ, ಯಾವ ಆಯುಧ ಎಂದು ಧ್ಯಾನಶ್ಲೋಕ ಸಮೇತ ಒಂಬತ್ತು ನಿಧಿಗಳಲ್ಲಿ, ಅಂದರೆ ಭಾಗಗಳಲ್ಲಿ, ಚಿತ್ರಿಸಿಟ್ಟ ಶ್ರೀತತ್ತ್ವನಿಧಿ ಗ್ರಂಥ ಅವರ ಕಾಲದ್ದೇ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳನ್ನು ನೋಡಿದರೆ ಸಾಕು, ಆಶ್ರಯ ಅಂದರೆ ಏನೆಂದು ತಿಳಿಯುತ್ತದೆ. 1868ರಲ್ಲಿ ಅವರು ತೀರಿಕೊಂಡ ಮೇಲೆ ಚಿತ್ರಗಾರರು ಚದುರಿದರು, ಕಲೆ ಸೊರಗಿತು. ಹಾಗಾದರೆ ದುಡ್ಡೇ ಅಲ್ಲವೇ ಕಲೆಯನ್ನು ಉಳಿಸಿದ್ದು ಎಂದು ಅತ್ತೆಯ ಪ್ರಶ್ನೆ.

ನನ್ನ ಉತ್ತರ ಇದು: ಅತ್ತೆ, ಅವರಿಗೆ ಅದು ಹವ್ಯಾಸವಾಗಿರಲಿಲ್ಲ, ಮನೆಯ ಕಸುಬು. ಅಪ್ಪ ಗೆರೆ ಹಾಕಿದರೆ ಮಗ ಬಣ್ಣ ಅರೆಯುತ್ತಿದ್ದ, ಚಿಕ್ಕಪ್ಪ ಪಕ್ಕದಲ್ಲೇ ಕೂತು ಇನ್ನೊಂದು ಬರೆಯುತ್ತಿದ್ದ. ಬೇಜಾರಾದ ದಿನವೂ ಎದ್ದು ಹೋಗಿ ಕೂರಲು ಒಂದು ಜಾಗ ಇತ್ತು, ಜನ ಇದ್ದರು. ನನಗೆ ಸಿಕ್ಕಿದ್ದು ಅವರ ಆರ್ಡರ್ ಮಾತ್ರ, ಅವರ ಪಡಸಾಲೆ ಸಿಗಲಿಲ್ಲ. ಇದರಿಂದಲೇ ಹೊಟ್ಟೆ ಹೊರೆಯುವವರಿಗೆ ನಾನು ಮಾರಬೇಡಿ ಎನ್ನುತ್ತಿಲ್ಲ. ಅವರಿಗೆ ಇನ್ನೂ ಒಳ್ಳೆಯ ಬೆಲೆ ಸಿಗಬೇಕು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು 2004ರಿಂದ ನಡೆಸುತ್ತಿರುವ ಚಿತ್ರಸಂತೆಯಂಥದ್ದು ಪ್ರತಿ ಊರಿನಲ್ಲೂ ಆಗಲಿ. ಆದರೆ ನಿಮ್ಮ ಲೇಖನ ಬರೆದದ್ದು ಅವರಿಗಲ್ಲ. ಆಫೀಸು, ಅಡುಗೆ, ಮಕ್ಕಳ ನಡುವೆ ಎಂದೋ ಬಿಟ್ಟ ಕುಂಚವನ್ನೋ ವೀಣೆಯನ್ನೋ ಮತ್ತೆ ಎತ್ತಿಕೊಳ್ಳಬೇಕೆಂದಿರುವವರಿಗೆ. ಅಂಥವರ ಕೈಗೆ ಮೊದಲ ದಿನವೇ ಬೆಲೆಪಟ್ಟಿ ಕೊಟ್ಟರೆ ಹೇಗೆ?

ವೀಣೆ ಎಂದೆನಲ್ಲ, ನೆನಪಾಯಿತು. ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರು (1886–1965) ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಹೆಸರು ಮಾಡಿದವರು. ಮೈಸೂರಿಗೆ ಬಂದವರು ವೀಣೆ ಶೇಷಣ್ಣನವರ ಬಳಿ ವೀಣೆ ಕಲಿಯತೊಡಗಿದರು. ಆ ಹುಚ್ಚು ಎಷ್ಟಿತ್ತೆಂದರೆ ತಮ್ಮ ವೀಣೆಯ ಹುಚ್ಚನ್ನೇ ಒಂದು ಚಿತ್ರವಾಗಿ ಬರೆದಿದ್ದಾರೆ. ಊಟಿ, ಕೊಡೈಕೆನಾಲ್‌ನ ಆ ಮಂಜು ಕವಿದ ಬೆಟ್ಟಗಳ ಜಲವರ್ಣಗಳು ಬಂದದ್ದು ವೀಣೆ ಹಿಡಿದ ಮೇಲೆಯೇ. ಕುಂಚ ಬದಿಗಿಟ್ಟು ಬೇರೇನೋ ಮಾಡಿದ ಕಾಲವನ್ನು ದಂಡವೆಂದು ಬರೆದುಬಿಡುವವರಿಗೆ ಆ ಬೆಟ್ಟಗಳನ್ನು ತೋರಿಸಬೇಕು. ನನ್ನ ಮೂರು ಧಾರಾವಾಹಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ಇರಲಿ.

ನಾನು ಮತ್ತೆ ಶುರು ಮಾಡಿದ್ದರ ಹಿಂದೆ ಮನೋಬಲ ಗಿನೋಬಲ ಏನೂ ಇಲ್ಲ. ನಮ್ಮ ಮೇಲಿನ ಮನೆಗೆ ನಿವೃತ್ತ ಗಣಿತದ ಮೇಡಂ ಒಬ್ಬರು ಬಾಡಿಗೆಗೆ ಬಂದರು. ಅವರ ಹತ್ತಿರ ಟ್ಯೂಷನ್ನಿಗೆ ಬರುವ ಪಿಯುಸಿ ಹುಡುಗಿ ಒಬ್ಬಳು ನೋಟ್‌ಬುಕ್ಕಿನ ಅಂಚಿನಲ್ಲೆಲ್ಲ ನವಿಲು ಬರೆಯುತ್ತಾಳೆ. ಮೇಡಂಗೆ ಅವಳನ್ನು ಬೈಯಲೂ ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ. 'ವಾರಕ್ಕೊಂದು ಸಂಜೆ ನಿಮ್ಮ ಮನೇಲಿ ಕೂತು ಬರೀಲಿ ರೀ, ಉಳಿದ ದಿನ ಲೆಕ್ಕ ಮಾಡ್ತಾಳೆ' ಎಂದರು. ಗುರುವಾರ ಎಂದು ಗೊತ್ತು ಮಾಡಿದೆವು. ಯಾಕೆ ಗುರುವಾರ ಅಂದರೆ, ಆ ಸಂಜೆ ನಮ್ಮ ಬೀದಿಗೆ ನೀರು ಬಿಡುವುದಿಲ್ಲ, ಸಂಪು ಡ್ರಮ್ಮು ಅಂತ ಓಡಾಡುವುದಿರುವುದಿಲ್ಲ. ಹುಡುಗಿ ಬಂದು ಬಾಗಿಲಲ್ಲಿ ನಿಂತಮೇಲೆ ನಾನು ಇವತ್ತು ಮನಸ್ಸಿಲ್ಲ ಅನ್ನುವ ಹಾಗಿಲ್ಲವಲ್ಲ. ಎರಡನೆಯ ವಾರ ಮೇಡಮ್ಮೂ ಇಳಿದು ಬಂದರು, ಸುಮ್ಮನೆ ನೋಡಲು. ಈಗ ಅವರೂ ಬರೆಯುತ್ತಾರೆ. ಅವರ ಕಮಲಕ್ಕೆ ಎಲ್ಲ ದಳವೂ ಒಂದೇ ಅಳತೆ, ಕೈವಾರ ಇಟ್ಟು ಬರೆದ ಹಾಗೆ. ತಿದ್ದಲು ಹೋದರೆ ನನಗೇ ಜ್ಯಾಮಿತಿ ಪಾಠ ಮಾಡುತ್ತಾರೆ.

ನಮ್ಮ ಮೇಜಿಗೆ ಒಂದು ಕಟ್ಟಳೆ ಇದೆ: ಮಾರಲು ಬರುವಂಥದ್ದನ್ನು ಅಲ್ಲಿ ಮಾಡಕೂಡದು. ಚಿನ್ನ ಇಲ್ಲ, ಬಣ್ಣ ಇಲ್ಲ, ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವುದಿಲ್ಲ. ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಗುವ, ಒಂದು ಬದಿ ಖಾಲಿ ಇರುವ ಕಾಗದ. ಬರೆಯುವುದು ಹುಣಸೆ ಕಡ್ಡಿಯ ಇದ್ದಿಲಿನಲ್ಲಿ, ಹಳೆಯ ಚಿತ್ರಗಾರರು ಮೊದಲ ಗೆರೆ ಹಾಕುತ್ತಿದ್ದುದೂ ಅದರಲ್ಲೇ. ಕೈ ತಾಗಿದರೆ ಅಳಿಸಿಹೋಗುತ್ತದೆ, ಫ್ರೇಮ್ ಹಾಕಿಸುವ ಯೋಚನೆಯೇ ಬರುವುದಿಲ್ಲ.

ಈ ಇದ್ದಿಲು ಮಾಡುವುದೇ ಒಂದು ಖುಷಿ, ಸಂಪಾದಕರೇ. ನಂಜನಗೂಡಿನಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಇನ್ನೂ ಹಂಡೆ ಒಲೆ ಇದೆ. ಪೆನ್ಸಿಲಿಗಿಂತ ತೆಳುವಾದ ಹುಣಸೆ ಕಡ್ಡಿ ಆರಿಸಿ, ಸಿಪ್ಪೆ ಕೆರೆದು, ಬಿಸಿಲಿಗಿಟ್ಟು, ಹಾಲಿನ ಪುಡಿಯ ತಗಡಿನ ಡಬ್ಬದಲ್ಲಿ ಒತ್ತಾಗಿ ಜೋಡಿಸಬೇಕು. ಮುಚ್ಚಳಕ್ಕೆ ಮೊಳೆಯಲ್ಲಿ ಒಂದು ತೂತು. ಸಂದಿಗೆ ಮಣ್ಣು ಮೆತ್ತಿ ಕೆಂಡದಲ್ಲಿ ಇಟ್ಟರೆ ಮೊದಲು ಬಿಳಿ ಹೊಗೆ ಬರುತ್ತದೆ, ಆಮೇಲೆ ಆ ಹೊಗೆಗೇ ತೂತಿನಲ್ಲಿ ಸಣ್ಣ ನಾಲಗೆಯಂತೆ ಉರಿ ಹತ್ತುತ್ತದೆ. ಹೊಗೆ ಪೂರ್ತಿ ನಿಂತ ಮೇಲೆ ಡಬ್ಬ ಹೊರಗೆ. ಆಸೆಪಟ್ಟು ಬಿಸಿಯಿರುವಾಗಲೇ ಮುಚ್ಚಳ ತೆಗೆದರೆ ಗಾಳಿ ತಾಗಿ ಕಡ್ಡಿಯೆಲ್ಲ ಕೆಂಡವಾಗಿ ಬೂದಿಯಾಗುತ್ತದೆ. ರಾತ್ರಿಯೆಲ್ಲ ಆರಲು ಬಿಡಬೇಕು. ಚೆನ್ನಾಗಿ ಆದ ಕಡ್ಡಿಯನ್ನು ಕೆಳಗೆ ಬಿಟ್ಟರೆ ಟಣ್ ಎನ್ನುತ್ತದೆ. ಅರೆಬೆಂದದ್ದು ಕಂದು ಬಣ್ಣದಲ್ಲಿ ಕಾಗದವನ್ನು ಕೆರೆಯುತ್ತದೆ ಅಷ್ಟೇ.

ಶುರುವಿನ ವಾರಗಳಲ್ಲಿ ಆನಂದ ಗೀನಂದ ಏನೂ ಇರಲಿಲ್ಲ ಎಂದೂ ಹೇಳಬೇಕು. ಕೈ ಮಾತು ಕೇಳುತ್ತಿರಲಿಲ್ಲ. ಅಭಯಹಸ್ತ ಒಂದನ್ನೇ ತೆಗೆದುಕೊಳ್ಳಿ. ಕಿರುಬೆರಳಿನ ಹೊರಗೆರೆ ಬೆರಳ ತುದಿಯಿಂದ ಹೊರಟು, ಅಂಗೈಯ ಉಬ್ಬನ್ನು ಬಳಸಿ, ಮಣಿಕಟ್ಟಿನ ಬಳೆಯ ತನಕ ಒಂದೇ ಗೆರೆಯಾಗಿ ಇಳಿಯಬೇಕು. ಮಧ್ಯೆ ಕೈ ಎತ್ತಿದರೆ ಅಲ್ಲೊಂದು ಗಂಟು. ಮೇಷ್ಟ್ರು ಹೇಳುತ್ತಿದ್ದರು, ಉಸಿರು ಬಿಡುತ್ತ ಎಳೆಯಿರಿ, ಮಣಿಕಟ್ಟು ಹಲಗೆಗೆ ಒರಗಬಾರದು, ಕೈ ತಿರುಗದ ಕಡೆ ಹಲಗೆಯನ್ನು ತಿರುಗಿಸಿ ಎಂದು. ನನ್ನ ಗೆರೆ ಅಂಗೈಯ ತಿರುವಿಗೆ ಬರುತ್ತಿದ್ದಂತೆ ನಡುಗುತ್ತಿತ್ತು. ದೇವರ ಕೈ ಹೋಗಿ ಸಂಧಿವಾತ ಇರುವವರ ಕೈಯಾಗುತ್ತಿತ್ತು. ಹುಡುಗಿ ನೋಡಿ ನಕ್ಕಳು, ನಾನೂ ನಕ್ಕೆ, ಹಾಳೆ ತಿರುಗಿಸಿ ಇನ್ನೊಂದು ಬರೆದೆ. ಅದನ್ನು ಯಾರಿಗೂ ಕೊಡಬೇಕಾಗಿರಲಿಲ್ಲ, ಕೆಟ್ಟರೆ ಕಾಗದದ ಖರ್ಚೂ ಇಲ್ಲ, ಇದ್ದಿಲಿನ ಖರ್ಚೂ ಇಲ್ಲ. ಕೆಟ್ಟ ಹಾಳೆಗಳ ಕಟ್ಟು ದಪ್ಪವಾಗುತ್ತ ಹೋಯಿತು. ಎಂದು ಅಂತ ಗೊತ್ತಿಲ್ಲ, ಒಂದು ಬುಧವಾರ ಆಫೀಸಿನಲ್ಲಿ ವೋಚರಿನ ಹಿಂದೆ ನನ್ನ ಪೆನ್ನು ತಾನೇ ಬಳ್ಳಿಯ ಸುರುಳಿ ಬಿಡುತ್ತಿತ್ತು. ಆಡಿಟ್‌ನವರು ಬರುವ ಮುಂಚೆ ಆ ವೋಚರನ್ನು ಬದಲಾಯಿಸಿದೆ.

ಮೂವರ ಮೇಜಿನಲ್ಲಿ ಇನ್ನೂ ಒಂದು ತಿಳಿಯಿತು. ಈ ಕೆಲಸದ ಎಲ್ಲ ಭಾಗಕ್ಕೂ ಒಂದೇ ಬಗೆಯ ಮನಸ್ಸು ಬೇಡ. ದಣಿದ ಸಂಜೆಗೆ ಗೆರೆ ಆಗುತ್ತದೆ. ಹಲಗೆಗೆ ಕಾಗದ ಅಂಟಿಸುವುದು, ಕುಂಚ ತೊಳೆದಿಡುವುದು, ಸಫೇದ ಜರಡಿ ಹಿಡಿದಿಡುವುದು ಇವನ್ನೆಲ್ಲ ತಲೆನೋವಿದ್ದರೂ ಮಾಡಬಹುದು. ಗೆಸ್ಸೊಗೆ ಮಾತ್ರ ರಜೆಯ ಬೆಳಗು, ಒಣ ಹವೆ ಮತ್ತು ಗಟ್ಟಿ ಸೊಂಟ ಬೇಕು. ಕಣ್ಣು ಬರೆಯಲು ಬೇಕಾಗುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಮೊದಲು ನಾನು ಹಲಗೆ ಎತ್ತಿದರೆ ಇಡೀ ಗಜಲಕ್ಷ್ಮಿಯೇ ಕಣ್ಣಮುಂದೆ ಬಂದು ಹೆದರಿಸುತ್ತಿದ್ದಳು. ಈಗ ಗುರುವಾರದ ಮೇಜಿನಾಚೆ, ಅಟ್ಟದಿಂದ ಇಳಿಸಿದ ಹಲಗೆಯ ಮೇಲೆ ಒಂದು ಸರಸ್ವತಿ ಶುರುವಾಗಿದ್ದಾಳೆ, ಆರ್ಡರ್ ಅಲ್ಲ. ಆಕಾಶ, ಮರ, ಹಂಸದ ತನಕ ಬಂದಿದೆ. ಮಳೆ ಕಳೆದು ದಸರಾ ಹೊತ್ತಿಗೆ ಒಡವೆಗೆ ಗೆಸ್ಸೊ ಹಾಕಬಹುದು, ಹಾಕದೆಯೂ ಇರಬಹುದು. ಮುಗಿದ ಮೇಲೆ ಯಾರಾದರೂ ಕೇಳಿದರೆ ಮಾರುತ್ತೀಯಾ ಎಂದು ಅತ್ತೆ ಕೆಣಕುತ್ತಾರೆ. ಮಾರಿದರೂ ಮಾರಿದೆ. ಕೇಳುವವರು ಮುಗಿದ ಮೇಲೆ ಕೇಳಲಿ, ಹೇಳದೆ ಬಹುಮಾನ ಪಡೆದ ಆ ಮಕ್ಕಳಿಗೆ ಏನೂ ಆಗಲಿಲ್ಲವಲ್ಲ.

ಇಷ್ಟೆಲ್ಲ ಬರೆದ ಮೇಲೆ ನಿಮ್ಮಲ್ಲೂ ಎರಡು ವಿನಂತಿ ಇವೆ.

ನಿಮ್ಮ ಮಕ್ಕಳ ಪುಟದಲ್ಲಿ ವರ್ಷ ವರ್ಷ 'ಚಿತ್ರ ಬರೆದು ಬಹುಮಾನ ಗೆಲ್ಲಿ' ಸ್ಪರ್ಧೆ ಇಡುತ್ತೀರಿ. ನಮ್ಮ ಬೀದಿಯಲ್ಲಿ ಅದಕ್ಕೆ ಚಿತ್ರ ಬರೆಯುವವರು ಬಹುಪಾಲು ಅಪ್ಪ ಅಮ್ಮಂದಿರು. ಒಬ್ಬರು ನನ್ನ ಹತ್ತಿರವೇ ಬಂದು, ಆರು ವರ್ಷದ ಮಗು ಬರೆದ ಹಾಗೆ ಒಂದು ದಸರಾ ಆನೆ ಬರೆದುಕೊಡಿ, ತೀರಾ ಚೆನ್ನಾಗಿರಬಾರದು ಎಂದು ಕೇಳಿದ್ದರು. ಸ್ಪರ್ಧೆ ಬಿಟ್ಟು, ಬಂದ ಚಿತ್ರಗಳಲ್ಲಿ ಹಿಡಿಸುವಷ್ಟನ್ನು ಸುಮ್ಮನೆ ಅಚ್ಚು ಹಾಕಬಾರದೇ? ಬಹುಮಾನ ಕೊಡಲೇಬೇಕೆಂದಿದ್ದರೆ ಮುಂಚೆ ಹೇಳದೆ ಕೊಡಿ.

ಎರಡನೆಯದು, ಹವ್ಯಾಸದ ಪುಟದಲ್ಲಿ ಸ್ಫೂರ್ತಿಯ ಮಾತು ಅರ್ಧ ಇಳಿಸಿ, ಆ ಜಾಗದಲ್ಲಿ ವಾರಕ್ಕೊಂದು ರೇಖಾಚಿತ್ರ ಕೊಡಿ. ಒಂದು ಹಸ್ತಮುದ್ರೆ, ಒಂದು ಬಳ್ಳಿ, ಸೋಮನಾಥಪುರದ ಗೋಡೆಯ ಒಂದು ಹಂಸ, ಏನಾದರೂ ಸರಿ. ಅಂಗೈಯಷ್ಟು ದೊಡ್ಡದಾಗಿರಲಿ, ಮೇಲೆ ತೆಳು ಕಾಗದ ಇಟ್ಟು ತಿದ್ದುವ ಹಾಗಿರಲಿ. ಹಿಂಬದಿಗೆ ಕಪ್ಪು ಹಿನ್ನೆಲೆಯ ಒಡವೆ ಅಂಗಡಿ ಜಾಹೀರಾತು ಬಾರದಂತೆ ನೋಡಿಕೊಳ್ಳಿ, ನಿಮ್ಮ ಕಾಗದ ತೆಳು, ಈ ಬದಿಗೆ ಎಲ್ಲ ಕಾಣಿಸುತ್ತದೆ.

ಪತ್ರ ಉದ್ದವಾಯಿತು, ಕತ್ತರಿಸುವುದಾದರೆ ಬೆಟ್ಟ ಹತ್ತಿದ್ದನ್ನು ಕತ್ತರಿಸಿ, ಇದ್ದಿಲಿನದು ಉಳಿಸಿ. ದಯವಿಟ್ಟು ನನ್ನ ಹೆಸರು, ಬಡಾವಣೆ ಹಾಕಬೇಡಿ. ಹಾಕಿದರೆ ದೀಪಾವಳಿಗೆ ಆರ್ಡರ್ ಬರುತ್ತದೆ.

ಇತಿ,
ನಿಮ್ಮ ಹಳೆಯ ಓದುಗಿ,
ಮೈಸೂರು